ಸಾಕ್ಷಿ ಇದೆ, ಫೈಲ್ ಓಪನ್ ಆಗ್ತಿಲ್ಲ

ಮೆಟ್ಟುಪಾಳ್ಯಂನಲ್ಲಿ ಈಗ ಜಗಳಗಳು ಮೊದಲಿನ ಹಾಗಿಲ್ಲ. ಹಿಂದೆ ಗಾಡಿಗೆ ಗಾಡಿ ತಾಗಿದರೆ ಇಬ್ಬರೂ ಇಳಿದು, ಬಾಗಿಲು ಧಡಾರನೆ ಹಾಕಿ, ಒಬ್ಬರಿನ್ನೊಬ್ಬರ ತಾತ ಮುತ್ತಾತಂದಿರಿಂದ ವಿಚಾರಣೆ ಶುರು ಮಾಡುತ್ತಿದ್ದರು. ಟೀ ಅಂಗಡಿಯಿಂದ ನಾಲ್ಕು ಜನ ಗ್ಲಾಸು ಹಿಡಿದುಕೊಂಡೇ ಬಂದು ಪಂಚಾಯ್ತಿ ಮಾಡಿ, ಐನೂರಕ್ಕೋ ಸಾವಿರಕ್ಕೋ ಮುಗಿಸಿ ಕಳಿಸುತ್ತಿದ್ದರು. ಈಗ ಯಾರೂ ಇಳಿಯುವುದೇ ಇಲ್ಲ. ಕಿಟಕಿ ಗಾಜು ಅರ್ಧ ಇಳಿಸಿ, ಮುಂದಿನ ಗಾಜಿಗೆ ಅಂಟಿಕೊಂಡ ಕರಿ ಡಬ್ಬಿಯತ್ತ ಬೆರಳು ತೋರಿಸಿ, "ಕ್ಯಾಮೆರಾ ಇರುಕ್ಕು ಸಾರ್" ಅಂದರೆ ಮುಗಿಯಿತು. ಎದುರಿನವರೂ ತಮ್ಮ ಡಬ್ಬಿ ತೋರಿಸುತ್ತಾರೆ. ಹಿಂದೆ ಹಾರ್ನ್ ಒತ್ತುತ್ತ ನಿಂತವರ ಗಾಡಿಗಳಲ್ಲೂ ಡಬ್ಬಿಗಳಿವೆ. ಸಾಕ್ಷಿ ಎಲ್ಲರ ಹತ್ತಿರವೂ ಇದೆ, ದಾರಿ ಮಾತ್ರ ಯಾರಿಗೂ ಇಲ್ಲ.

ಈ ಡಬ್ಬಿ, ಅಂದರೆ ಡ್ಯಾಶ್‌ಕ್ಯಾಮ್ ಮಾರುವವರಿಗೆ ಈ ಊರಿಗಿಂತ ಒಳ್ಳೆಯ ಜಾಗ ಸಿಗಲಾರದು. ಬಯಲುಸೀಮೆಯ ಗಾಡಿಗಳೆಲ್ಲ ಊಟಿಯ ತಂಪಿಗೆ ಬಾಯಿಬಿಟ್ಟುಕೊಂಡು ಬಂದು ಸೇರುವುದು ಇಲ್ಲಿಗೇ. ಇಲ್ಲಿಂದ ಬೆಟ್ಟಕ್ಕೆ ಎರಡು ದಾರಿ: ಬರ್ಲಿಯಾರ್ ಮೇಲೆ ಕೂನೂರಿಗೆ ಒಂದು, ಕೋಟಗಿರಿಗೆ ಇನ್ನೊಂದು. ಸೀಸನ್ನಿನಲ್ಲಿ ಹತ್ತುವವರು ಕೂನೂರು ದಾರಿಯಲ್ಲಿ ಹತ್ತಬೇಕು, ಇಳಿಯುವವರು ಕೋಟಗಿರಿ ದಾರಿಯಲ್ಲಿ ಇಳಿಯಬೇಕು ಎಂದು ಪೊಲೀಸರು ಏಕಮುಖ ಸಂಚಾರ ಜಾರಿ ಮಾಡುತ್ತಾರೆ. ಅದೂ ಸಾಲದೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ಸೀಸನ್ನಿಗೆ ದಿನಕ್ಕೆ 6,000 ಗಾಡಿ, ವಾರಾಂತ್ಯಕ್ಕೆ 8,000 ಎಂಬ ಲೆಕ್ಕವೂ ಬಂತು. ಆ ಲೆಕ್ಕದೊಳಗೆ ಸೇರಿಕೊಳ್ಳಲು ಬೆಟ್ಟದ ಬುಡದ ಕಲ್ಲಾರಿನಲ್ಲಿ ಸಾಲುಗಟ್ಟಿ ನಿಂತಷ್ಟು ಹೊತ್ತೂ ನಮ್ಮ ಕ್ಯಾಮೆರಾ ಕಣ್ಣು ಮಿಟುಕಿಸದೆ ಮುಂದಿನ ಕಾರಿನ ಹಿಂಭಾಗವನ್ನು ಚಿತ್ರೀಕರಿಸುತ್ತದೆ.

ರಷ್ಯಾದವರು ವಿಮೆಯ ವಂಚನೆಗೆ ಹೆದರಿ ಗಾಡಿಗಾಡಿಗೂ ಡ್ಯಾಶ್‌ಕ್ಯಾಮ್ ಹಾಕಿಸಿಕೊಂಡವರು. 2013ರ ಫೆಬ್ರುವರಿ 15ರ ಬೆಳಿಗ್ಗೆ ಚೆಲ್ಯಾಬಿನ್‌ಸ್ಕ್ ಊರಿನ ಮೇಲೆ ಉಲ್ಕೆಯೊಂದು ಉರಿದು ಸಿಡಿದಾಗ ಆ ಕ್ಯಾಮೆರಾಗಳೆಲ್ಲ ಅದನ್ನು ಹಿಡಿದುಕೊಟ್ಟವು, ವಿಜ್ಞಾನಿಗಳು ಆ ವಿಡಿಯೋಗಳಿಂದಲೇ ಉಲ್ಕೆಯ ಪಥದ ಲೆಕ್ಕ ಹಾಕಿದರು. ನಮ್ಮವರ ಕ್ಯಾಮೆರಾಗೆ ಸಿಕ್ಕಿರುವುದು "ಅಪ್ಪನ ಆಶೀರ್ವಾದ" ಎಂಬ ಸ್ಟಿಕ್ಕರ್, ಎರಡು ಗಂಟೆ ಕಾಲ, ಹೈ ಡೆಫಿನಿಷನ್ನಿನಲ್ಲಿ.

ಇಷ್ಟಾದರೂ ಸಾಕ್ಷಿ ನಮ್ಮ ಕೈಯಲ್ಲಿದೆ ಎಂಬ ಧೈರ್ಯ ಎಲ್ಲರಿಗೂ ಇದೆ. ಅದು ಕೈಯಲ್ಲಿಲ್ಲ, ಗಾಜಿನ ಮೇಲಿದೆ. ಅದನ್ನು ಗಾಜಿನಿಂದ ಲ್ಯಾಪ್‌ಟಾಪಿಗೆ ಇಳಿಸುವ ಕೆಲಸ ಬೆಟ್ಟ ಇಳಿದಷ್ಟು ಸುಲಭವಲ್ಲ ಎಂಬುದು ಬೆಂಗಳೂರಿನ ನಮ್ಮ ಷಡ್ಡಕರು ಮನೆಗೆ ಬಂದಾಗ ಗೊತ್ತಾಯಿತು. ಬೆಳಿಗ್ಗೆ ಊಟಿಗೆ ಹತ್ತುವಾಗ ಬರ್ಲಿಯಾರ್ ದಾಟಿದ ಮೇಲೆ, ಕ್ಯಾರೆಟ್ ಮೂಟೆ ಹೊತ್ತು ಇಲ್ಲಿನ ಮಂಡಿಗೆ ಇಳಿಯುತ್ತಿದ್ದ ಲಾರಿಯೊಂದು ಅವರ ಹೊಸ ಕಾರಿನ ಬಾಗಿಲನ್ನು ಸವರಿಕೊಂಡು ಹೋಗಿತ್ತು. ಸಂಜೆ ಇಳಿದು ಬಂದವರು ಚಪ್ಪಲಿ ಬಿಡುವ ಮೊದಲೇ ಲ್ಯಾಪ್‌ಟಾಪ್ ಕೇಳಿದರು. "ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಭಾವ, ಕಾನೂನಿದೆ. ಈಗ ವಿಡಿಯೋ ಹಾಕ್ತೀನಿ, ಲಾರಿಯವನ ಲೈಸೆನ್ಸ್ ಉಳಿಯಲ್ಲ ನೋಡಿ" ಅಂದರು. ಕಾನೂನು ಇರುವುದು ನಿಜ. 2017ರ ಚಾಲನಾ ನಿಯಮಗಳು ಕಿರಿದಾದ ಬೆಟ್ಟದ ರಸ್ತೆಯಲ್ಲಿ ಏರುವವರಿಗೇ ಮೊದಲ ಹಕ್ಕು ಕೊಟ್ಟಿವೆ.

ಮೊದಲು ಕ್ಯಾಮೆರಾ ಬಿಚ್ಚಿ ತಂದು ಕೇಬಲ್ ಹಾಕಿದೆವು. ಇವುಗಳ ಜೊತೆ ಬರುವ ಎಷ್ಟೋ ಕೇಬಲ್‌ಗಳು ಕರೆಂಟು ಕೊಡುತ್ತವೆ, ಫೈಲು ಕೊಡುವುದಿಲ್ಲ. ಕರೆಂಟು ಬಂದದ್ದೇ ತಡ, ಕಾರು ಸ್ಟಾರ್ಟಾಯಿತೆಂದು ತಿಳಿದ ಕ್ಯಾಮೆರಾ ನಮ್ಮ ಹಜಾರವನ್ನೇ ಚಿತ್ರೀಕರಿಸಲು ಶುರು ಮಾಡಿತು. ಅಪಘಾತದ ಜಾಗದಲ್ಲಿ ಷಡ್ಡಕರ ಮೂಗು ಬಂತು.

ಆಮೇಲೆ ವೈಫೈ. ಕ್ಯಾಮೆರಾ ತಾನೇ ಒಂದು ವೈಫೈ ಎಬ್ಬಿಸುತ್ತದೆ, ಲ್ಯಾಪ್‌ಟಾಪ್ ಅದಕ್ಕೆ ಸೇರಿದರೆ ಮನೆಯ ಇಂಟರ್ನೆಟ್ ಕೈಬಿಡುತ್ತದೆ. ಅದಕ್ಕೂ ಕಾರಿನ ಕೀ ತಿರುಗಿಸಿಟ್ಟಿರಬೇಕು. ಕ್ಯಾಮೆರಾವನ್ನು ಮತ್ತೆ ಗಾಜಿಗೆ ಅಂಟಿಸಿ, ಕಾರಿನೊಳಗೆ ಎಸಿ ಹಾಕಿಕೊಂಡು, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಕೂತೆವು. ಒಂದು ನಿಮಿಷದ ಕ್ಲಿಪ್ಪು ಸುಮಾರು ನೂರು ಎಂಬಿ, ಗಂಟೆಗೆ ಆರೇಳು ಜಿಬಿ. 32 ಜಿಬಿ ಕಾರ್ಡಿನಲ್ಲಿ ಐದು ಗಂಟೆಯಷ್ಟು ಹಿಡಿದರೆ ಹೆಚ್ಚು, ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದು ಬರೆಯುತ್ತದೆ. ಬೆಂಗಳೂರಿನಿಂದ ಹೊರಟವರು ಅವಿನಾಶಿ ಮುಟ್ಟುವಷ್ಟರಲ್ಲಿ ಅತ್ತಿಬೆಲೆ ಅಳಿದುಹೋಗಿರುತ್ತದೆ. ಊಟಿಗೆ ಹೋಗಿ ಬರುವುದಕ್ಕೇ ನಾಲ್ಕು ಗಂಟೆಗೂ ಮಿಕ್ಕಿ ಹಿಡಿದಿತ್ತು. ಕೀ ತಿರುಗಿಸಿಟ್ಟು ನಾವು ಬೆಳಿಗ್ಗೆಯ ಸಾಕ್ಷಿಯನ್ನು ಹುಡುಕುತ್ತಿದ್ದಾಗ ಕ್ಯಾಮೆರಾ ನಿಷ್ಠೆಯಿಂದ ನಮ್ಮ ಮನೆಯ ಗೇಟನ್ನು ಅದೇ ಸಾಕ್ಷಿಯ ಮೇಲೆ ಬರೆಯಲು ಹೊರಟಿತ್ತು. ನನ್ನ ಮಗ ಓಡಿ ಬಂದು ಕೀ ತೆಗೆಯದಿದ್ದರೆ ಲಾರಿ ಗೆದ್ದುಬಿಡುತ್ತಿತ್ತು.

"ದೊಡ್ಡಪ್ಪ, ಕಾರ್ಡನ್ನೇ ತೆಗೀರಿ" ಅಂದ ಅವನು. ಉಗುರಿನಷ್ಟು ಕಾರ್ಡು. ಸ್ಪ್ರಿಂಗಿನಿಂದ ಚಿಮ್ಮಿ ಸೀಟಿಗೂ ಹ್ಯಾಂಡ್‌ಬ್ರೇಕಿಗೂ ನಡುವಿನ ಸಂದಿಗೆ ಬಿತ್ತು. ಐದು ರೂಪಾಯಿ ನಾಣ್ಯ, ಹುರಿಗಡಲೆ, ಕಳೆದುಹೋಗಿದ್ದ ಓಲೆ ಎಲ್ಲ ಸಿಕ್ಕಿ ಕೊನೆಗೆ ಅದೂ ಸಿಕ್ಕಿತು. ನೋಡಿದರೆ ಲ್ಯಾಪ್‌ಟಾಪಿನಲ್ಲಿ ಅದನ್ನು ತೂರಿಸುವ ಕಿಂಡಿಯೇ ಇಲ್ಲ. ಲ್ಯಾಪ್‌ಟಾಪ್ ತೆಳ್ಳಗಾಗಲಿ ಅಂತ ಕಂಪನಿಗಳು ಕಿಂಡಿಗಳನ್ನು ಒಂದೊಂದಾಗಿ ಮುಚ್ಚಿವೆ, ಈಗ ಕಿಂಡಿಯನ್ನೂ ಬೇರೆಯಾಗಿ ಕೊಳ್ಳಬೇಕು. ಪಕ್ಕದ ಸ್ಟುಡಿಯೋದಿಂದ ಕಾರ್ಡ್ ರೀಡರ್ ತಂದು ಚುಚ್ಚಿದರೆ, "ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?" ಅಂತ ವಿನಯದಿಂದ ಕೇಳಿತು. ಷಡ್ಡಕರ ಬೆರಳು ಆಗಲೇ "ಹೌದು" ಒತ್ತುವುದರಲ್ಲಿತ್ತು. ಬ್ಯಾಂಕಿನ ಆ್ಯಪು ಕೇಳಿದ್ದಕ್ಕೆಲ್ಲ ಹೌದು ಒತ್ತಿ ಅಭ್ಯಾಸ. ಮಗ ಕೈ ಹಿಡಿದುಕೊಂಡ. ಕಾರ್ಡು ತೆಗೆದು, ಒರೆಸಿ, ಮತ್ತೆ ಚುಚ್ಚಿದ ಮೇಲೆ ಫೈಲುಗಳು ಕಂಡವು.

ತುರ್ತು ಘಟನೆಗಳನ್ನು ತಾನೇ ಗುರುತಿಸಿ ಬೀಗ ಹಾಕಿಡುವ ಫೋಲ್ಡರ್ ಒಂದಿರುತ್ತದೆ, ಕ್ಯಾಮೆರಾದೊಳಗಿನ ಜಿ-ಸೆನ್ಸರ್ ಕುಲುಕಾಟ ನೋಡಿ ತೀರ್ಮಾನಿಸುತ್ತದೆ. ಹತ್ತಾರು ಫೈಲುಗಳಿದ್ದವು. ಒಂದೊಂದನ್ನೂ ತೆರೆದು ನೋಡಿದರೆ ಎಲ್ಲ ರೋಡ್ ಹಂಪುಗಳು. ಅನ್ನೂರಿನ ಹಂಪು, ಕಾರಮಡೈ ತೇರು ಬೀದಿಯ ಹಂಪು, ಶಾಲೆ ಮುಂದಿನದು, ಯಾರೋ ತಮ್ಮ ಮನೆ ಮುಂದೆ ಸಿಮೆಂಟಿನಿಂದ ಕಟ್ಟಿಕೊಂಡ ಖಾಸಗಿ ಹಂಪು. ನಮ್ಮ ರಸ್ತೆಗಳಲ್ಲಿ ಆ ಯಂತ್ರಕ್ಕೆ ಪ್ರತಿ ಫರ್ಲಾಂಗಿಗೊಂದು ಅಪಘಾತ ಕಾಣುತ್ತದೆ. ಕ್ಯಾರೆಟ್ ಲಾರಿ ನಯವಾಗಿ ಸವರಿದ್ದರಿಂದ ಅದು ಮಾತ್ರ ಯಂತ್ರದ ಲೆಕ್ಕಕ್ಕೆ ಬರಲಿಲ್ಲ.

ಮಾಮೂಲಿ ಫೋಲ್ಡರಿನಲ್ಲಿ ಹುಡುಕೋಣವೆಂದರೆ ದಿನಾಂಕದ ಗೊಂದಲ. ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ಇಂಥ ಕ್ಯಾಮೆರಾಗಳು ತಯಾರಕರು ಮೊದಲೇ ತುಂಬಿಟ್ಟ ತಾರೀಕಿಗೆ ಹಿಂತಿರುಗುತ್ತವೆ. ಫೈಲಿನ ಪ್ರಕಾರ ಲಾರಿ ಕಾರನ್ನು ಸವರಿದ್ದು 2015ರ ಜನವರಿ 1ರ ಮಧ್ಯರಾತ್ರಿ, ಬಿರುಬಿಸಿಲಿನಲ್ಲಿ. ಆ ಕಾರು ರಿಜಿಸ್ಟರ್ ಆಗಿದ್ದೇ ಅದಾಗಿ ಎಷ್ಟೋ ವರ್ಷಕ್ಕೆ. ಹುಟ್ಟುವ ಮೊದಲೇ ಗಾಯಗೊಂಡ ಕಾರಿಗೆ ಯಾವ ವಿಮಾ ಕಂಪನಿ ದುಡ್ಡು ಕೊಡುತ್ತದೆ?

ಇನ್ನು ಠಾಣೆ, ಕೋರ್ಟು ಅಂದರೆ ಇದಕ್ಕಿಂತ ದೊಡ್ಡ ಘಾಟಿ. 2020ರಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ, ಮೂಲ ಸಾಧನವನ್ನೇ ತಂದು ಹಾಜರುಪಡಿಸದಿದ್ದರೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕಡ್ಡಾಯ ಎಂದಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿ ಆ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದನ್ನು ಒಪ್ಪಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು, ಅಂದರೆ ಫೈಲಿನ ಬೆರಳಚ್ಚು. ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಬೇರೆ. ನಮ್ಮವರು ಮಾಡುವುದೇನು? ವಿಡಿಯೋವನ್ನು ಮೊದಲು ವಾಟ್ಸ್ಆ್ಯಪಿನಲ್ಲಿ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ. ಅದು ಹಿಂಡಿ ಸಣ್ಣದು ಮಾಡುತ್ತದೆ. ಸೋದರಳಿಯ ಅದಕ್ಕೆ ಕೆಂಪು ಬಾಣ, ತೆಲುಗು ಸಿನಿಮಾದ ಹಿನ್ನೆಲೆ ಸಂಗೀತ ಸೇರಿಸುತ್ತಾನೆ. ಆಮೇಲೆ ಅದನ್ನೇ ಪೆನ್‌ಡ್ರೈವಿಗೆ ಹಾಕಿ ಠಾಣೆಗೆ ಒಯ್ದು "ಒರಿಜಿನಲ್ ಸರ್" ಅನ್ನುತ್ತಾರೆ.

ಷಡ್ಡಕರಿಗೆ ಆ ಕಷ್ಟ ಬರಲಿಲ್ಲ. ಹುಡುಕಿ ಹುಡುಕಿ ಕ್ಲಿಪ್ಪು ಸಿಕ್ಕಿತು. ಮೊದಲು ಶಬ್ದ ಮಾತ್ರ ಬಂತು, ಚಿತ್ರ ಬರಲಿಲ್ಲ. ಹೊಸ ಕೋಡೆಕ್ ಬೇಕು, ದುಡ್ಡು ಕೊಡಿ ಎಂದು ಲ್ಯಾಪ್‌ಟಾಪ್ ಕೇಳಿತು. ಮಗ ಪುಕ್ಕಟೆ ಪ್ಲೇಯರ್ ಇಳಿಸಿಕೊಳ್ಳುವ ತನಕ ನಾವೆಲ್ಲ ಕೂತು ಕೇಳಿಸಿಕೊಂಡೆವು.

ಇಲ್ಲೊಂದು ಸಂಗತಿಯನ್ನು ಅಂಗಡಿಯವರು ಯಾರಿಗೂ ಹೇಳುವುದಿಲ್ಲ. ಡ್ಯಾಶ್‌ಕ್ಯಾಮಿನ ಕಣ್ಣು ರಸ್ತೆಯ ಕಡೆಗಿದ್ದರೆ ಕಿವಿ ನಮ್ಮ ಕಡೆಗಿರುತ್ತದೆ. ಕ್ಲಿಪ್ಪಿನಲ್ಲಿ ಷಡ್ಡಕರ ಹೆಂಡತಿ, ನಾವು ಅಕ್ಕ ಅನ್ನುವವರ ದನಿ ಸ್ಪಷ್ಟವಾಗಿತ್ತು: "ರೀ, ಬೇಡ ಕಣ್ರೀ, ತಿರುವಿದೆ." ಅದಕ್ಕೆ ಷಡ್ಡಕರ ಉತ್ತರ: "ನೀನು ಸುಮ್ಮನಿರೆ, ಈ ಬಸ್ಸಿನ ಹಿಂದೆ ಹೋದರೆ ನಾಳೆ ಸೇರ್ತೀವಿ." ಆಮೇಲೆ ಹಾರ್ನು. ಆಮೇಲೆ ಅಕ್ಕ ದೇವರನ್ನು ಕರೆದದ್ದು. ಚಿತ್ರವೂ ಬಂದಾಗ ಕಾರು ಬಸ್ಸನ್ನು ದಾಟುತ್ತ ರಸ್ತೆಯ ಪೂರ್ತಿ ಬಲಕ್ಕಿತ್ತು. ಕೆಳಗಡೆ ಮೂಲೆಯಲ್ಲಿ ಜಿಪಿಎಸ್ ಮುದ್ದಾಗಿ ವೇಗ ನಮೂದಿಸಿತ್ತು: 58. ಲಾರಿ ತನ್ನ ಎಡಕ್ಕೆ ಬಂಡೆಯ ಪಕ್ಕ ಎಷ್ಟು ಸರಿಯಬಹುದೋ ಅಷ್ಟೂ ಸರಿದು ನಿಂತಿತ್ತು. ನಿಂತ ಲಾರಿಯನ್ನು ಸವರಿದ್ದು ಕಾರು.

ಹಜಾರದಲ್ಲಿ ಯಾರೂ ಮಾತಾಡಲಿಲ್ಲ. ಅಕ್ಕ ಎದ್ದು ಕಾಫಿಗೆ ಹೋದರು. ಷಡ್ಡಕರು ಸ್ವಲ್ಪ ಹೊತ್ತು ಯೋಚಿಸಿ ಮಗನನ್ನು ಕೇಳಿದರು: "ಇದನ್ನ ಪೂರ್ತಿ ಡಿಲೀಟ್ ಮಾಡೋದು ಹೆಂಗಪ್ಪಾ?"

ಷಡ್ಡಕರೊಬ್ಬರೇ ಅಲ್ಲ, ಇದು ಇಡೀ ಡ್ಯಾಶ್‌ಕ್ಯಾಮ್ ಸಮಾಜದ ಸ್ಥಿತಿ. ಪಕ್ಕದವರ ತಪ್ಪಿಗೆ ಸಾಕ್ಷಿ ಬೇಕೆಂದು ದುಡ್ಡು ಕೊಟ್ಟು ತಂದ ಯಂತ್ರ, ಬೆಳಗಿನಿಂದ ಸಂಜೆಯವರೆಗೆ ದಾಖಲಿಸುವುದು ನಮ್ಮದೇ ಚಾಲನೆಯನ್ನು. ಅದಕ್ಕೇ ನಮಗೆ ಕೇಬಲ್ ಸಿಗುವುದಿಲ್ಲ, ಕಿಂಡಿ ಕಾಣುವುದಿಲ್ಲ, ಕೋಡೆಕ್ ಅರ್ಥವಾಗುವುದಿಲ್ಲ. ಕ್ಯಾಮೆರಾ ಬಂದ ಮೇಲೆ ಜನ ಎಚ್ಚರದಿಂದ ಓಡಿಸುತ್ತಾರೆ ಅಂದುಕೊಂಡಿದ್ದೆವು. ಆದದ್ದೇ ಬೇರೆ, "ಎಲ್ಲ ರೆಕಾರ್ಡ್ ಆಗ್ತಿದೆ" ಎಂಬ ಧೈರ್ಯದಲ್ಲಿ ಇನ್ನಷ್ಟು ನುಗ್ಗುತ್ತಾರೆ. ಕಲ್ಲಾರಿನ ಹತ್ತಿರ ಆನೆ ದಾಟುವ ಜಾಗದಲ್ಲಿ, ಈ ಭಾಗದ ಜನ 'ಬಾಹುಬಲಿ' ಎಂದು ಕರೆಯುವ ಒಂಟಿ ಸಲಗ ಕಂಡರೆ ಗಾಡಿ ನಿಲ್ಲಿಸಬೇಡಿ ಎಂದು ಅರಣ್ಯ ಇಲಾಖೆ ಗಂಟಲು ಹರಿದುಕೊಳ್ಳುತ್ತದೆ. ಗಾಜಿನ ಮೇಲೆ ಕ್ಯಾಮೆರಾ ಓಡುತ್ತಿದ್ದರೂ ಇಳಿದು, ಮೊಬೈಲ್ ಹಿಡಿದು, ಇನ್ನೊಂದು ಪ್ರತಿ ಮಾಡಿಕೊಳ್ಳುವವರಿದ್ದಾರೆ.

ಇದೇ ಊರಿನಿಂದ 1899ರಲ್ಲಿ ಕೂನೂರಿಗೆ ಹಲ್ಲುಹಳಿಯ ರೈಲು ಹತ್ತಿತು, 1908ರಲ್ಲಿ ಊಟಿ ಮುಟ್ಟಿತು, 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. 46 ಕಿಲೋಮೀಟರು, 208 ತಿರುವು. ಆ ರೈಲಿನಲ್ಲಿ ಬೋಗಿಗೊಬ್ಬ ಬ್ರೇಕ್‌ಮನ್ ಹೊರಗೆ ನಿಂತು ದಾರಿ ನೋಡುತ್ತಾನೆ. ಅಲ್ಲಿ ದಾರಿ ನೋಡುವವನ ಕೈಯಲ್ಲಿ ಬ್ರೇಕ್ ಇದೆ. ನಮ್ಮ ಕಾರುಗಳಲ್ಲಿ ದಾರಿ ನೋಡುವುದಕ್ಕೆ ಕ್ಯಾಮೆರಾ ನೇಮಿಸಿದ್ದೇವೆ, ಬ್ರೇಕ್ ಒತ್ತಬೇಕಾದ ಕಾಲು ಎಕ್ಸಲರೇಟರಿನ ಮೇಲಿದೆ.

ಕ್ಯಾಮೆರಾ ಬೇಡ ಎಂದು ಯಾರೂ ಹೇಳುತ್ತಿಲ್ಲ. ಹಾಕಿಸಿ. ಗಡಿಯಾರ ಸರಿಯಿದೆಯೇ ನೋಡಿ, ಜಿ-ಸೆನ್ಸರನ್ನು ಕಡಿಮೆಗಿಳಿಸಿ, ಏನಾದರೂ ಆದರೆ ತಕ್ಷಣ ಲಾಕ್ ಬಟನ್ ಒತ್ತಿ ಕಾರ್ಡನ್ನು ತೆಗೆದಿಡಿ. ಲ್ಯಾಪ್‌ಟಾಪಿಗೆ ಮೂಲ ಫೈಲನ್ನೇ ಕಾಪಿ ಮಾಡಿ, ಬಾಣ ಬಿಡಬೇಡಿ. ಏನೂ ಆಗದ ದಿನವೂ ತಿಂಗಳಿಗೊಮ್ಮೆ ಆ ಕಾರ್ಡು ತೆಗೆದು ನೀವೇ ಓಡಿಸಿದ್ದನ್ನು ಹತ್ತು ನಿಮಿಷ ನೋಡಿ, ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೆಟ್ಟುಪಾಳ್ಯಂನಿಂದ ಕೂನೂರಿನವರೆಗೆ 14 ಹೇರ್‌ಪಿನ್ ತಿರುವುಗಳಿವೆ. ಒಂದರಲ್ಲೂ ಓವರ್‌ಟೇಕ್ ಮಾಡಬೇಡಿ, ಇಳಿಯುವಾಗ ಏರುವವರಿಗೆ ದಾರಿ ಬಿಡಿ. ಅಷ್ಟು ಮಾಡಿದರೆ ಕಾರ್ಡ್ ರೀಡರಿನ ದುಡ್ಡು ಉಳಿಯುತ್ತದೆ.