ಸಮಾಚಾರವಿಲ್ಲದ ಸಖತ್ ಊರು

ಮೈಸೂರಿನಲ್ಲಿ ಬೆಳಿಗ್ಗೆ ಏಳು ಗಂಟೆಗೆ ಯಾರಿಗೂ ಬೇಜಾರಿಲ್ಲ. ನಂಬಿಕೆ ಬಾರದವರು ಯಾವುದಾದರೂ ಖಾಸಗಿ ಎಫ್‌ಎಂ ಹಾಕಿ ಕೇಳಲಿ. ‘ಹಾಯ್ ಹಲೋ ನಮಸ್ಕಾರ ಮೈಸೂರ್! ಏನ್ ಸಮಾಚಾರ?’ ಎಂದು ಆರ್‌ಜೆ ಕಿರುಚುತ್ತಾನೆ. ಸಮಾಚಾರವನ್ನು ನಾವೇ ಹೇಳಿಕೊಳ್ಳಬೇಕು. ಅವನು ಹೇಳುವಂತಿಲ್ಲ, ಹೇಳಿದರೆ ಮಾಲೀಕನ ಲೈಸೆನ್ಸಿಗೆ ಕುತ್ತು.

ತಮಾಷೆಯಲ್ಲ, ಕಾನೂನೇ ಹಾಗಿದೆ. 1995ರಲ್ಲಿ ಸುಪ್ರೀಂ ಕೋರ್ಟು ವಾಯುತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. ಸಾರ್ವಜನಿಕರದ್ದು ಎಂದು ಖಚಿತವಾದ ಮೇಲೆ ತಡವೇಕೆ, ಸರ್ಕಾರ ಅದನ್ನು ಹರಾಜಿಗಿಟ್ಟಿತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಬಾಯಿ ತೆರೆಯಿತು. ಆವತ್ತಿನಿಂದ ಮಾತು ನಿಂತಿಲ್ಲ, ಸುದ್ದಿ ಶುರುವಾಗಿಲ್ಲ. ಖಾಸಗಿ ಎಫ್‌ಎಂ ಕುರಿತ 2011ರ ಮೂರನೇ ಹಂತದ ನೀತಿ ದೊಡ್ಡ ಮನಸ್ಸು ಮಾಡಿ ಒಂದು ರಿಯಾಯಿತಿ ಕೊಟ್ಟಿತು: ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಆಚೀಚೆಯಾಗದಂತೆ ಹಾಗೇ ಬಿತ್ತರಿಸಿಕೊಳ್ಳಿ. ಜೊತೆಗೆ ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು-ಕರೆಂಟಿನ ವಿಚಾರಗಳು ಸುದ್ದಿಯಲ್ಲ, ಬರೀ ಮಾಹಿತಿ ಎಂದೂ ವಿಂಗಡಿಸಿ ಕೊಟ್ಟಿತು.

ಈ ವಿಂಗಡಣೆಯ ಸೊಗಸು ಸವಿಯುವಂಥದ್ದು. ‘ನಾಳೆ ಸರಸ್ವತಿಪುರಂನಲ್ಲಿ ನೀರು ಬರಲ್ಲ’ ಎಂದರೆ ಮಾಹಿತಿ. ‘ಯಾಕೆ ಬರಲ್ಲ?’ ಎಂದರೆ ಸುದ್ದಿ. ‘ಪೈಪು ಒಡೆದು ಎಷ್ಟು ದಿನವಾಯಿತು, ಅದನ್ನು ಹಾಕಿದ ಗುತ್ತಿಗೆದಾರ ಯಾರ ಭಾಮೈದ?’ ಎಂದರೆ ಪ್ರಚಲಿತ ವಿದ್ಯಮಾನ, ಅದರ ಹತ್ತಿರವೂ ಸುಳಿಯಕೂಡದು. ಪಾಪ, ಆರ್‌ಜೆ ಏನು ಮಾಡಬೇಕು? ‘ನಾಳೆ ನೀರಿಲ್ಲ ಕಣ್ರಪ್ಪಾ, ಸ್ನಾನ ತಪ್ಪಿಸ್ಕೊಳೋಕೆ ಸಖತ್ ನೆಪ ಸಿಕ್ತು!’ ಎನ್ನುತ್ತಾನೆ. ಹಿಂದೆಯೇ ಡಬ್ಬಿಯಲ್ಲಿ ತುಂಬಿಟ್ಟ ನಗು. ಅದರ ಹಿಂದೆ ನೀರಿನ ಟ್ಯಾಂಕಿನ ಜಾಹೀರಾತು.

ಟ್ರಾಫಿಕ್ಕಿನದೂ ಇದೇ ಕತೆ. ರಿಂಗ್ ರಸ್ತೆಯಲ್ಲಿ ವಾಹನಗಳು ಕದಲುತ್ತಿಲ್ಲ ಎಂಬ ಮಾಹಿತಿ ಮುಗಿದ ಮರುಕ್ಷಣ, ‘ರಿಂಗ್ ರಸ್ತೆಯಿಂದ ಬರೀ ಐದೇ ನಿಮಿಷ! ಕೆರೆಯ ತಂಗಾಳಿ! ಇಂದೇ ಬುಕ್ ಮಾಡಿ!’ ಎಂದು ಹೊಸ ಬಡಾವಣೆಯ ಸ್ಪಾಟ್ ಮೊಳಗುತ್ತದೆ. ಬಡಾವಣೆ ಕೆರೆಯ ಪಕ್ಕದಲ್ಲಿದೆಯೋ ಕೆರೆಯೊಳಗೇ ಇದೆಯೋ ಎಂದು ಕೇಳಿದರೆ ಅದು ಸುದ್ದಿಯಾಗಿಬಿಡುತ್ತದೆ. ಕೆರೆಯನ್ನು ಮಾರಬಹುದು, ಕೆರೆಯ ಬಗ್ಗೆ ವಿಚಾರಿಸುವಂತಿಲ್ಲ. ಫೋನ್ ಹಿಡಿದು ಗಲ್ಲಿಗೆ ಇಳಿದ ಯಾವ ಹುಡುಗ ಬೇಕಾದರೂ ಯೂಟ್ಯೂಬಿನಲ್ಲಿ ಮೇಯರ್ ಮೇಲೆ ಕೂಗಾಡಬಹುದು, ಟಿ.ವಿ. ಚಾನೆಲ್ಲುಗಳು ರಾತ್ರಿಯಿಡೀ ಪ್ರಳಯ ತರಬಹುದು. ದೇಶದ ಭದ್ರತೆಗೆ ಧಕ್ಕೆ ಬರುವುದು ಮಾತ್ರ ಆಟೋದಲ್ಲಿ ಹಾಡು ಕೇಳುತ್ತಾ ಹೋಗುವವನ ಕಿವಿಗೆ ಒಳಚರಂಡಿಯ ವಿಷಯ ಬಿದ್ದಾಗ.

2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಂದು ಶಿಫಾರಸು ಮಾಡಿತು: ಖಾಸಗಿ ಎಫ್‌ಎಂಗಳಿಗೆ ಗಂಟೆಗೆ ಹತ್ತು ನಿಮಿಷ ಸುದ್ದಿ ಹೇಳಲು ಬಿಡಿ ಎಂದು. ಹತ್ತು ನಿಮಿಷ! ಮಾಲೀಕರು ಬಹಿರಂಗವಾಗಿ ಸ್ವಾಗತಿಸಿ ಒಳಗೊಳಗೇ ಬೆವರಿರಬೇಕು ಎಂಬುದು ನನ್ನ ಗುಮಾನಿ. ಸುದ್ದಿ ಎಂದರೆ ವರದಿಗಾರ ಬೇಕು, ಅವನಿಗೆ ಸಂಬಳ ಬೇಕು, ಸಾಲದ್ದಕ್ಕೆ ಬಡಾವಣೆಯವನು ಮುನಿಸಿಕೊಳ್ಳುತ್ತಾನೆ. ಅದೇ ವರ್ಷ ಖಾಸಗಿ ಎಫ್‌ಎಂಗಳಿಗೆ ಸಿಗುವ ಸರ್ಕಾರಿ ಜಾಹೀರಾತಿನ ಮೂಲದರ ಹತ್ತು ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿತು. ಹೆಚ್ಚುಕಡಿಮೆ ಒಂದು ಮಸಾಲೆ ದೋಸೆಯ ದುಡ್ಡು. ದೋಸೆ ಹಾಕಿಸಿಕೊಟ್ಟವರ ಅಡುಗೆಮನೆಯಲ್ಲಿ ಜಿರಳೆ ಹುಡುಕುವುದು ಯಾವ ನ್ಯಾಯ? ಬಾಯಿ ಮುಚ್ಚಿಸುವ ಕಾನೂನಿನಿಂದ ಸರ್ಕಾರಕ್ಕೆ ನೆಮ್ಮದಿ, ಮಾಲೀಕನಿಗೆ ಉಳಿತಾಯ, ಪಾಲಿಕೆಗೆ ಪರಮಾನಂದ. ಇಷ್ಟು ಜನರನ್ನು ಒಟ್ಟಿಗೆ ಸುಖವಾಗಿಟ್ಟ ಕಾನೂನು ಇನ್ನೊಂದಿಲ್ಲ.

ಇದೇ ಊರಿನಲ್ಲಿ 1935ರಲ್ಲಿ ಒಬ್ಬರು ಖಾಸಗಿ ರೇಡಿಯೊ ನಡೆಸಲು ಹೋಗಿ ಎಲ್ಲವನ್ನೂ ತಪ್ಪಾಗಿ ಮಾಡಿದರು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲೇ 30 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಿತ್ತರಿಸತೊಡಗಿದರು. ಸೇಲ್ಸ್ ಟೀಮ್ ಇಲ್ಲ, ಜಿಂಗಲ್ ಇಲ್ಲ, ‘ಸರಿ ಉತ್ತರ ಹೇಳಿ ಸಿನಿಮಾ ಟಿಕೆಟ್ ಗೆಲ್ಲಿ’ ಇಲ್ಲ. ಸಂಗೀತ, ಕಾವ್ಯ, ಭಾಷಣ ಅಂತ ಕೈಯಿಂದ ದುಡ್ಡು ಹಾಕಿದರು. ಮನಸ್ಸಿನ ಶಾಸ್ತ್ರ ಓದಿದವರಿಗೆ, ಯಾರಾದರೂ ನಲವತ್ತು ಸೆಕೆಂಡಿಗಿಂತ ಹೆಚ್ಚು ಅರ್ಥವತ್ತಾಗಿ ಮಾತಾಡಿದರೆ ಕೇಳುಗ ಓಡಿಹೋಗುತ್ತಾನೆ ಎಂಬ ಸರಳ ಸತ್ಯ ತಿಳಿದಿರಲಿಲ್ಲ ನೋಡಿ. ಕೊನೆಗೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಳ್ಳಬೇಕಾಯಿತು.

ಈಗಿನ ಸ್ಟೇಷನ್ ಅಂಥ ಎಡವಟ್ಟು ಮಾಡುವುದಿಲ್ಲ. ಯಾವ ಹಾಡು ಯಾವಾಗ ಎಂಬುದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಕೇಳುಗರ ‘ಫರ್ಮಾಯಿಷ್’ ಕೂಡ ಆ ಪಟ್ಟಿಯಲ್ಲಿ ಮೊದಲೇ ಇದ್ದರೆ ಮಾತ್ರ ಈಡೇರುತ್ತದೆ. ರಾಜನ್-ನಾಗೇಂದ್ರ ಸಹೋದರರು ಇಲ್ಲಿಯ ಶಿವರಾಂಪೇಟೆಯವರು. ಆ ಕಂಪ್ಯೂಟರಿಗೆ ಶಿವರಾಂಪೇಟೆ ಗೊತ್ತಿಲ್ಲ, ಆದ್ದರಿಂದ ಅವರಿಗೆ ಊರು ಮಲಗಿದ ಮೇಲಿನ ಸ್ಲಾಟು. ಒಂದೇ ಕಂಪನಿಯ ಸ್ಟೇಷನ್ನುಗಳು ಕಾರ್ಯಕ್ರಮ ಹಂಚಿಕೊಳ್ಳಲು ಮೂರನೇ ಹಂತದ ನೀತಿಯಲ್ಲಿ ಅವಕಾಶವೂ ಇದೆ. ಹಾಗಾಗಿ ‘ಆಹಾ, ನಮ್ಮೂರ ಮಳೆ!’ ಎಂದು ಕರಗಿದ ದನಿ ಯಾವ ಊರಿನ ಎಸಿ ಕೋಣೆಯಿಂದ ಬಂತೋ ಚಾಮುಂಡಿಯೇ ಬಲ್ಲಳು.

ಆರ್‌ಜೆಯನ್ನು ಬೈಯಬೇಡಿ. ಬೆಳಗಿನ ಶೋ ಮುಗಿಸಿ, ಮೂರು ಜಾಹೀರಾತಿಗೆ ದನಿ ಕೊಟ್ಟು, ಮಧ್ಯಾಹ್ನ ಬಟ್ಟೆ ಅಂಗಡಿಯ ಉದ್ಘಾಟನೆಯಲ್ಲಿ ಮೈಕ್ ಹಿಡಿದು ಕುಣಿಯುವವನು ಅವನೇ. ಮೈಕ್ ಆಫ್ ಆದಾಗ ಕ್ಯಾಂಟೀನಿನಲ್ಲಿ ಸಿಕ್ಕರೆ ಕೇಳಿ: ಯಾವ ವಾರ್ಡಿನಲ್ಲಿ ಯಾರು ಏನು ನುಂಗಿದರು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿದೆ. ಇಡೀ ಸ್ಟೇಷನ್ನಿನ ಅತ್ಯುತ್ತಮ ಕಾರ್ಯಕ್ರಮ ಅದು, ಸ್ಪಾನ್ಸರ್ ಇಲ್ಲ ಅಷ್ಟೆ.

ಈ ಭಾಗ್ಯ ಮೈಸೂರಿನಂಥ ಕೆಲವು ಊರುಗಳಿಗೆ ಮಾತ್ರ ಎಂದು ಉಳಿದವರು ಕೊರಗಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಎಫ್‌ಎಂ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿದೆ. ದಾವಣಗೆರೆ, ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಎಲ್ಲವೂ ಪಟ್ಟಿಯಲ್ಲಿವೆ. ಸ್ಥಳೀಯ ಸೊಗಡು, ಸ್ಥಳೀಯ ಭಾಷೆ ಉದ್ದೇಶವಂತೆ. ಸ್ಕ್ರಿಪ್ಟ್ ಆಗಲೇ ಸಿದ್ಧವಿರಬೇಕು: ‘ಹಾಯ್ ಹಲೋ ನಮಸ್ಕಾರ’ ಆದಮೇಲೆ ಊರಿನ ಹೆಸರಿಗೊಂದು ಖಾಲಿ ಜಾಗ, ಆ ಊರಿನ ಸೊಗಡಿಗೊಂದು ಖಾಲಿ ಜಾಗ. ದಾವಣಗೆರೆಗೆ ಬೆಣ್ಣೆದೋಸೆ, ಚಿಕ್ಕಮಗಳೂರಿಗೆ ಕಾಫಿ ಎಂದು ಹೆಡ್ ಆಫೀಸಿನವರು ಕ್ಷಣದಲ್ಲಿ ತುಂಬಿಯಾರು. ಹಾಸನದ ಎದುರು ಮಾತ್ರ ಪೆನ್ನು ನಿಂತು, ಮೂರು ಮೀಟಿಂಗ್ ನಡೆದು, ಸದ್ಯಕ್ಕೆ ‘ಆಲೂಗಡ್ಡೆ’ ಎಂದು ಬರೆದಿಡಬಹುದು.