ಕೌಂಟರಿನಾಚೆ ಎಲ್ಲರೂ ಡಾಕ್ಟರೇ

(ತಿಪಟೂರಿನ ಒಂದು ಮೆಡಿಕಲ್ ಶಾಪ್. ಸಂಜೆ ಹೊತ್ತು. ಕೌಂಟರಿನಲ್ಲಿ ಅಂಗಡಿಯ ಶಶಿಧರ. ಬಿಪಿ ಮಾತ್ರೆಗೆ ಬಂದ ಗಂಗಮ್ಮ, ಸೊಂಟನೋವಿನ ಮುಲಾಮಿಗೆ ಬಂದ ಕೊಬ್ಬರಿ ಮಂಡಿಯ ಪರಮೇಶಣ್ಣ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡ ಪಿಯುಸಿ ಹುಡುಗ ಕಿರಣ ಬರುತ್ತಾನೆ. ಮೊಡವೆಯ ವಿಷಯದಲ್ಲಿ ನಮ್ಮ ಜನ ಯಾರೂ ಫೀಸು ಕೇಳುವುದಿಲ್ಲ, ಸುಮ್ಮನೂ ಇರುವುದಿಲ್ಲ.)

ಕಿರಣ: (ಪಿಸುದನಿಯಲ್ಲಿ) ಶಶಿಯಣ್ಣ, ಈ ಖಾಲಿ ಟ್ಯೂಬ್ ನೋಡಿ. ಇಂಥದ್ದೇ ಒಂದು ಕೊಡಿ.

ಶಶಿಧರ: ಮೊದಲು ಕರ್ಚೀಫ್ ತೆಗಿಯಪ್ಪ. ಕೆನ್ನೆ ಮೇಲೆ ಏನಿದು ಬೆಳ್ಳಗೆ?

ಕಿರಣ: ಪೇಸ್ಟು. ರಾತ್ರಿ ಹಚ್ಕೊಂಡು ಮಲಗಿದ್ರೆ ಬೆಳಗ್ಗೆ ಒಣಗುತ್ತೆ ಅಂತ ರೀಲ್ಸಲ್ಲಿ ಬಂದಿತ್ತು.

ಶಶಿಧರ: ಒಣಗ್ತಾ?

ಕಿರಣ: ಪೇಸ್ಟ್ ಒಣಗ್ತು. ಮೊಡವೆ ಹಂಗೇ ಇದೆ. ಸುತ್ತ ಚರ್ಮ ಉರಿದು ಸಿಪ್ಪೆ ಏಳ್ತಿದೆ.

ಗಂಗಮ್ಮ: ಉಷ್ಣ ಕಣೋ ಅದು! ಮಾವಿನಹಣ್ಣು ತಿಂದಿರ್ತೀಯ. ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ತಟ್ಟಿಸ್ಕೋ, ತಂಪಾಗುತ್ತೆ.

ಕಿರಣ: ಅಜ್ಜಿ, ಮಾವಿನಹಣ್ಣಿನ ಕಾಲ ಮುಗಿದು ಎಷ್ಟು ತಿಂಗಳಾಯ್ತು!

ಗಂಗಮ್ಮ: ಹಂಗಾದ್ರೆ ಅವಾಗ ತಿಂದಿದ್ದೇ ಈಗ ಎದ್ದಿದೆ.

ಶಶಿಧರ: ಹೊಟ್ಟೆ ಕಾವಲ್ಲ ಅಜ್ಜಿ. ಈ ವಯಸ್ಸಲ್ಲಿ ಹಾರ್ಮೋನು ಏರುತ್ತೆ, ಚರ್ಮದ ಎಣ್ಣೆಗ್ರಂಥಿ ಜಾಸ್ತಿ ಜಿಡ್ಡು ಬಿಡುತ್ತೆ. ಜಿಡ್ಡು, ಸತ್ತ ಚರ್ಮ ಸೇರಿ ಕೂದಲ ಬುಡದ ರಂಧ್ರ ಕಟ್ಕೊಳ್ಳುತ್ತೆ. ಒಳಗೆ ಬ್ಯಾಕ್ಟೀರಿಯಾ ಹೆಚ್ಚಿ ಊದ್ಕೊಳ್ಳುತ್ತೆ. ಅದ್ರ ಮೇಲೆ ನೀವು ತಟ್ಟಿಸೋ ಎಣ್ಣೆ ಹಣೆಗೆ ಇಳಿದ್ರೆ ಅಲ್ಲೂ ಮೊಡವೆ.

ಪರಮೇಶಣ್ಣ: ಏನಂದೆ? ತಿಪಟೂರಲ್ಲಿ ನಿಂತ್ಕೊಂಡು ಕೊಬ್ಬರಿ ಎಣ್ಣೆ ಮೇಲೆ ತಪ್ಪು ಹೊರಿಸ್ತೀಯಾ? ನಾಳೆ ಮಂಡೀಲಿ ರೇಟು ಬಿದ್ರೆ ನೀನು ಕಟ್ಕೊಡ್ತೀಯಾ?

ಶಶಿಧರ: ಕೂದಲಿಗೆ ಹಚ್ಲಿ ಅಣ್ಣ, ಯಾರು ಬೇಡ ಅಂದ್ರು? ಮುಖಕ್ಕೆ ಇಳೀದಂಗೆ ನೋಡ್ಕೊಳ್ಳಿ ಅಂದೆ ಅಷ್ಟೆ.

ಪರಮೇಶಣ್ಣ: ಎಣ್ಣೆ ಅಲ್ಲಯ್ಯ, ಕೊಳೆ. ಮೂಗಿನ ಮೇಲೆ ಆ ಕಪ್ಪು ಚುಕ್ಕೆ ನೋಡು. ಈಗಿನ ಹುಡುಗ್ರು ಮುಖ ತೊಳ್ಯಲ್ಲ.

ಕಿರಣ: ದಿನಕ್ಕೆ ಎಂಟು ಸಲ ತೊಳೀತೀನಿ ಮಾವ! ಅಮ್ಮ ಸೋಪು ಬಚ್ಚಿಡೋಕೆ ಶುರು ಮಾಡಿದಾರೆ.

ಶಶಿಧರ: ಅವರು ಮಾಡಿದ್ದೇ ಸರಿ. ಅದು ಕೊಳೆ ಅಲ್ಲ, ರಂಧ್ರದ ಬಾಯಲ್ಲಿ ನಿಂತಿದ್ದು ಗಾಳಿ ತಾಗಿ ಕಪ್ಪಾಗಿರೋದು. ಉಜ್ಜಿದಷ್ಟೂ ಕೆರಳುತ್ತೆ. ದಿನಕ್ಕೆ ಎರಡು ಸಲ ತೊಳೆದ್ರೆ ಸಾಕು. ಉಗುರಲ್ಲಿ ಚಿವುಟಬೇಡ, ಕಲೆ ಉಳಿಯುತ್ತೆ.

ಪರಮೇಶಣ್ಣ: ಬಜ್ಜಿ ಬೋಂಡ ಬಿಡು ಅಂತಾನಾದ್ರೂ ಹೇಳಯ್ಯ.

ಶಶಿಧರ: ಬಾಣಲೆ ಎಣ್ಣೆ ಸೀದಾ ಕೆನ್ನೆಗೆ ಬರಲ್ಲ ಅಣ್ಣ. ಕೆಲವರಿಗೆ ಕೂಲ್‌ಡ್ರಿಂಕ್ಸು, ಸಿಹಿ ತಿಂಡಿ, ಹಾಲಿಂದ ಜಾಸ್ತಿ ಆಗಬಹುದು.

ಗಂಗಮ್ಮ: ಎಣ್ಣೆನೂ ಬೇಡ, ಹಾಲೂ ಬೇಡ! ಇವನು ಯಾವೂರೋನು?

ಕಿರಣ: ಅಣ್ಣ, ಟ್ಯೂಬು...

ಶಶಿಧರ: ಯಾರು ಕೊಟ್ರು ಇದನ್ನ?

ಕಿರಣ: ಫ್ರೆಂಡು. ನಾಲ್ಕೇ ದಿನಕ್ಕೆ ಅವನ ಮುಖ ಫಳಫಳ ಅಂತಿತ್ತು.

ಶಶಿಧರ: ಈಗ?

ಕಿರಣ: ಈಗ... ಅವನೂ ಕರ್ಚೀಫ್ ಕಟ್ಕೊಂಡೇ ಓಡಾಡ್ತಾನೆ.

ಶಶಿಧರ: ಸಣ್ಣಕ್ಷರ ಓದು.

ಕಿರಣ: ಕ್ಲೋ... ಬೆಟಾ... ಸಾಲ್.

ಶಶಿಧರ: ಜೋರು ಸ್ಟೀರಾಯ್ಡು. ಮೊದಮೊದಲು ಊತ ಇಳಿದು ಮುಖ ಬೆಳ್ಳಗೆ ಕಾಣುತ್ತೆ. ಆಮೇಲೆ ಚರ್ಮ ತೆಳ್ಳಗಾಗುತ್ತೆ, ಕೆನ್ನೆ ಕೆಂಪಾಗಿ ನರ ಕಾಣುತ್ತೆ, ಮೊಡವೆ ಮೊದಲಿಗಿಂತ ಹೆಚ್ಚಾಗುತ್ತೆ. ನಿಲ್ಲಿಸಿದ್ರೆ ಉರಿ, ಹಚ್ಚಿದ್ರೆ ಹಾಳು. ಡಾಕ್ಟ್ರ ಚೀಟಿ ಇಲ್ದೆ ಮಾರೋ ಹಂಗಿಲ್ಲ, ನಾನು ಮಾರೋದೂ ಇಲ್ಲ.

(ಹೀಗನ್ನುವ ಅಂಗಡಿಯವರು ಇದ್ದಾರೆ. ಅನ್ನದವರೂ ಇರುವುದರಿಂದಲೇ ಆ ಫ್ರೆಂಡಿಗೆ ಟ್ಯೂಬ್ ಸಿಕ್ಕಿದ್ದು.)

ಕಿರಣ: ಮತ್ತೆ ನಾನೇನು ಹಚ್ಲಿ?

ಶಶಿಧರ: ಪೇಸ್ಟ್ ಬಿಡು. ಸಿಪ್ಪೆ ಏಳೋದು ನಿಂತ ಮೇಲೆ ಈ ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಶುರು ಮಾಡು, ಶೇಕಡಾ 2.5ರದ್ದು. ಒಂದೊಂದು ಮೊಡವೆಗೆ ಚುಕ್ಕಿ ಇಡೋದಲ್ಲ, ಮೊಡವೆ ಏಳೋ ಜಾಗಕ್ಕೆಲ್ಲ ತೆಳ್ಳಗೆ ಸವರು. ಮೊದಲು ದಿನ ಬಿಟ್ಟು ದಿನ. ದಿಂಬಿಗೆ ಬಿಳೀ ಕವರ್ ಹಾಕು, ಬಣ್ಣದ್ದಾದ್ರೆ ಇದು ತಾಗಿ ಬಿಳಿಚ್ಕೊಳ್ಳುತ್ತೆ, ಅಮ್ಮ ಸೋಪಿನ ಜೊತೆ ನಿನ್ನನ್ನೂ ಬಚ್ಚಿಡ್ತಾರೆ.

ಕಿರಣ: ಭಾನುವಾರದೊಳಗೆ ಹೋಗುತ್ತಲ್ಲಾ?

ಶಶಿಧರ: ಯಾವ ಭಾನುವಾರ? ಎರಡು ಮೂರು ತಿಂಗಳು ಬೇಕು. ನೋವಿನ ಗಂಟಾದ್ರೆ, ಗುಳಿ ಬೀಳ್ತಿದ್ರೆ ಅಷ್ಟು ಕಾಯಬೇಡ, ಚರ್ಮದ ಡಾಕ್ಟ್ರ ಹತ್ರ ಹೋಗು.

ಗಂಗಮ್ಮ: ಮೂರು ತಿಂಗಳಾ? ಓದು ಮುಗಿಸಿ ಒಂದು ಮದುವೆ ಮಾಡ್ಕೊಂಡ್ರೆ ತಾನಾಗೇ ಹೋಗುತ್ತೆ.

ಶಶಿಧರ: (ಕನ್ನಡಕ ತೆಗೆದು, ಗದ್ದ ಮುಂದೆ ಚಾಚಿ) ನನಗೆ ಮದುವೆಯಾಗಿ ಇಬ್ಬರು ಮಕ್ಕಳು ಅಜ್ಜಿ. ಇಲ್ಲಿ ನೋಡಿ, ನಿನ್ನೆ ಎದ್ದಿರೋದು. ಮೂವತ್ತು ದಾಟಿದೋರಿಗೂ ಮೊಡವೆ ಬರುತ್ತೆ.