ಹಲ್ಲು ಹಿಡಿದು ನೋಡುವ ಭಾವ

ಮಿಷಿಗನ್‌ನಲ್ಲಿರುವ ಅಕ್ಕನ ಮನೆಗೆ ಹೋದ ಮೊದಲ ವಾರ. ರಾತ್ರಿ ಹನ್ನೊಂದೂಮುಕ್ಕಾಲಿಗೆ ನೀರು ಕುಡಿಯಲು ಎದ್ದು ಬಂದರೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಭಾವ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಪಕ್ಕದಲ್ಲಿ ಕೆಂಪು ರಟ್ಟಿನ ಲೆಕ್ಕದ ಪುಸ್ತಕ, ಒಂದು ಬಟ್ಟಲು ಖಾರದ ಕಡಲೆಬೀಜ. ನಾನು ಬಾಯಿ ತೆರೆಯುವ ಮೊದಲೇ ಕೈಯೆತ್ತಿ ತಡೆದರು. "ತಡಿ, ಇನ್ನು ನಾಲ್ಕು ನಿಮಿಷ."

ನಾಲ್ಕು ನಿಮಿಷಕ್ಕೆ ಫ್ಲಾರಿಡಾದ ಯಾವುದೋ ದೋಣಿಯ ಹರಾಜು ಮುಗಿಯುವುದಿತ್ತು. ಭಾವ ಸವಾಲು ಕೂಗಿದ್ದರೇ? ಇಲ್ಲ. ಯಾರೋ ಎಷ್ಟಕ್ಕೋ ಕೊಳ್ಳುವುದನ್ನು ನೋಡಿ ಬರೆದಿಟ್ಟುಕೊಳ್ಳಲು ಕೂತಿದ್ದರು. ಗಡುವು ಮುಗಿಯಿತು. ಬರೆದುಕೊಂಡರು. "ಟೋಪಿ ಬಿತ್ತು, ಪಾಪ" ಎಂದು ಆ ಕಾಣದ ಮನುಷ್ಯನಿಗಾಗಿ ಮರುಗಿ ಒಂದು ಹಿಡಿ ಕಡಲೆಬೀಜ ಬಾಯಿಗೆ ಹಾಕಿಕೊಂಡರು.

ಇಂಥವರೊಬ್ಬರು ನಿಮ್ಮ ನೆಂಟರಲ್ಲೂ ಇರುತ್ತಾರೆ. ಬೆಂಡೆಕಾಯಿಯ ತುದಿ ಮುರಿದು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊನೆಗೆ ಏನನ್ನೂ ಕೊಳ್ಳದೆ ಚೀಲ ಮಡಚಿಕೊಂಡು ಬರುವವರು. ನಮ್ಮ ಭಾವ ಅದೇ ಜಾತಿ. ನಾಲ್ಕು ವರ್ಷದಿಂದ ಸೆಕೆಂಡ್‌ಹ್ಯಾಂಡ್ ದೋಣಿ ಹುಡುಕುತ್ತಿದ್ದಾರೆ. ಮಿಷಿಗನ್ ರಾಜ್ಯವನ್ನು ಐದು ಮಹಾ ಸರೋವರಗಳಲ್ಲಿ ನಾಲ್ಕು ಸುತ್ತುವರಿದಿವೆ, ಒಳನಾಡಿನ ಕೆರೆಗಳು 11,000ಕ್ಕೂ ಹೆಚ್ಚು. ಅಲ್ಲಿದ್ದು ದೋಣಿ ಇಲ್ಲದಿರುವುದು ಮಂಡ್ಯದಲ್ಲಿದ್ದು ಬೆಲ್ಲ ತಿನ್ನದ ಹಾಗೆ ಎಂಬುದು ಭಾವನ ವಾದ. ಅವರಿಗೆ ಈಜು ಬಾರದು ಎಂಬುದನ್ನು ಅಕ್ಕ ಆಗಾಗ ನೆನಪಿಸುತ್ತಾಳೆ. "ದೊಡ್ಡಬಳ್ಳಾಪುರದ ಕಡೆ ಬಾವಿ ಇದ್ವು ಕಣೇ, ಬಾವೀಲಿ ನೀರಿರ್ಬೇಕಲ್ಲ" ಎಂದು ಭಾವ ತಪ್ಪನ್ನು ಮಳೆರಾಯನ ಮೇಲೆ ಹಾಕುತ್ತಾರೆ.

ಈ ಪರೀಕ್ಷೆಯ ಚಾಳಿ ರಕ್ತದಲ್ಲಿ ಬಂದದ್ದು. ಅವರ ತಾತ ವರ್ಷವರ್ಷ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದರಂತೆ. ಎತ್ತಿನ ತುಟಿ ಎತ್ತಿ ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ದಲ್ಲಾಳಿಯ ಜೊತೆ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಪಕ್ಕದಲ್ಲಿ ನಿಂತವನಿಗೂ ರೇಟು ತಿಳಿಯಬಾರದು. ಆನ್‌ಲೈನ್ ಹರಾಜಿನಲ್ಲೂ ಅದೇ ಟವೆಲ್ ಇದೆ ಎಂದು ಭಾವ ನನಗೆ ಪಾಠ ಮಾಡಿದರು. ನಿನ್ನ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಬರೆದಿಟ್ಟರೆ ಸಾಕು, ಎದುರಾಳಿಯನ್ನು ಮೀರಿಸಲು ಎಷ್ಟು ಬೇಕೋ ಅಷ್ಟನ್ನೇ ಯಂತ್ರ ಏರಿಸುತ್ತ ಹೋಗುತ್ತದೆ. "ಆದ್ರೆ ಇಲ್ಲಿ ಎತ್ತು ಎದುರಿಗಿಲ್ಲ ಕಣಯ್ಯ, ಅದರ ಫೋಟೊ ಇದೆ. ಎಲ್ಲಾ ಅನಾಹುತ ಅಲ್ಲೇ ಇರೋದು." ಈಬೇ ಎಂಬ ಹರಾಜು ತಾಣದಲ್ಲಿ 1995ರಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14 ಡಾಲರ್ 83 ಸೆಂಟಿಗೆ. ಕೆಟ್ಟಿದೆ ಎಂದು ಗೊತ್ತಿದ್ದೇ ಒಬ್ಬ ಅದನ್ನು ಕೊಂಡ. "ಕೆಟ್ಟಿದೆ ಅಂತ ಹೇಳಿ ಮಾರಿದ ಕೊನೇ ಪುಣ್ಯಾತ್ಮ ಅವನೇ" ಎನ್ನುತ್ತಾರೆ ಭಾವ.

ದೋಣಿಗೂ ಹಲ್ಲಿದೆ. ಹಿಂಬದಿಯ ಹಲಗೆಯ ಬಲಮೂಲೆಯಲ್ಲಿ ಹನ್ನೆರಡು ಅಕ್ಷರ ಮತ್ತು ಅಂಕಿಗಳ ಒಂದು ನಂಬರ್. 1972ರ ನವೆಂಬರ್‌ನಿಂದ ಅಮೆರಿಕದಲ್ಲಿ ಅದು ಕಡ್ಡಾಯ. ಮೊದಲ ಮೂರು ಅಕ್ಷರ ತಯಾರಕನ ಗುರುತು, ಈಚಿನ ದೋಣಿಗಳಲ್ಲಿ ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. 1984ರ ಆಗಸ್ಟ್ ನಂತರದವಕ್ಕೆ ಅದೇ ನಂಬರನ್ನು ಕಣ್ಣಿಗೆ ಬೀಳದ ಇನ್ನೊಂದು ಜಾಗದಲ್ಲೂ ಕೊರೆದಿರುತ್ತಾರೆ, ಕಳ್ಳರು ಮೇಲಿನದನ್ನು ಉಜ್ಜಿದರೂ ಒಳಗಿನದು ಉಳಿಯಲಿ ಎಂದು. ಭಾವ ಈ ಹನ್ನೆರಡನ್ನು ಜಾತಕದಂತೆ ಓದುತ್ತಾರೆ. ನ್ಯೂಜೆರ್ಸಿಯ ದೋಣಿ ಎಂದರೆ ನೋಡದೆಯೇ ತಳ್ಳಿಬಿಡುತ್ತಾರೆ. 2012ರಲ್ಲಿ ಆ ಕಡೆ ಅಪ್ಪಳಿಸಿದ ಸ್ಯಾಂಡಿ ಚಂಡಮಾರುತದಲ್ಲಿ ಒಟ್ಟು 65,000ಕ್ಕೂ ಹೆಚ್ಚು ದೋಣಿಗಳು ಹಾಳಾದವೆಂದು ಅಮೆರಿಕದ ದೋಣಿ ಮಾಲೀಕರ ಸಂಘವೊಂದು ಅಂದಾಜು ಮಾಡಿತ್ತು. ಅವುಗಳಲ್ಲಿ ಒಂದಾದರೂ ಬಣ್ಣ ಬಳಿಸಿಕೊಂಡು ತನಗಾಗಿಯೇ ಕಾದಿದೆ ಎಂದು ಭಾವನ ಗಟ್ಟಿ ನಂಬಿಕೆ.

ಮೋಸಗಾರರು ಸಿಕ್ಕರಂತೂ ಅವರಿಗೆ ಹಬ್ಬ. ಹತ್ತು ಸಾವಿರದ ದೋಣಿಯನ್ನು ಮೂರು ಸಾವಿರಕ್ಕೆ ಕೊಡುತ್ತೇನೆಂದು ಒಬ್ಬ ಬರೆದಿದ್ದ. ತಾನು ಸೈನ್ಯದಲ್ಲಿದ್ದೇನೆ, ನಾಳೆಯೇ ಪರದೇಶಕ್ಕೆ ವರ್ಗ, ದೋಣಿ ಗೋದಾಮಿನಲ್ಲಿದೆ, ದುಡ್ಡನ್ನು ನಡುವಿನ ಕಂಪನಿಯೊಂದರಲ್ಲಿ ಇಟ್ಟರೆ ಸಾಕು. ಆ ಕಂಪನಿ ಹುಟ್ಟಿ ಆರು ದಿನವಾಗಿತ್ತು. ಭಾವ ಅವನನ್ನು ಬೈಯಲಿಲ್ಲ. "ದೋಣಿಯ ಮೇಲೆ ಮೂರು ಬಾಳೆಹಣ್ಣು ಇಟ್ಟು ಒಂದು ಫೋಟೊ ಕಳಿಸಪ್ಪ" ಎಂದು ವಿನಯದಿಂದ ಬರೆದರು. ಅವನು ಮತ್ತೆ ಉಸಿರೆತ್ತಲಿಲ್ಲ. ಇದು ಭಾವನ ಬ್ರಹ್ಮಾಸ್ತ್ರ. ಫೋಟೊ ಕದಿಯಬಹುದು, ಬಾಳೆಹಣ್ಣಿನ ಸಮೇತ ಎಲ್ಲಿಂದ ಕದಿಯುತ್ತಾರೆ?

ಜುಲೈನಲ್ಲಿ ಓಹಾಯೋದ ಒಬ್ಬ ಮುದುಕ ಬಾಳೆಹಣ್ಣಿನ ಫೋಟೊ ಕಳಿಸಿಬಿಟ್ಟ! ಹದಿನೆಂಟು ಅಡಿಯ ಫೈಬರ್ ದೋಣಿ, ಸಿಹಿನೀರಿನದು, ಔಟ್‌ಬೋರ್ಡ್ ಎಂಜಿನ್. ಭಾವ ಎರಡು ದಿನ ಮಂಕಾಗಿದ್ದರು. ತಿರಸ್ಕರಿಸಲು ಕಾರಣವೇ ಸಿಗುತ್ತಿಲ್ಲವಲ್ಲ. "ನೀರಲ್ಲಿ ಮಲಗಿರೋ ಎಮ್ಮೆಗೆ ಕೊಂಬು ನೋಡಿ ರೇಟು ಕಟ್ಟಬೇಡಿ, ಹೋಗಿ ನೋಡ್ಕೊಂಡು ಬನ್ನಿ" ಎಂದು ಅಕ್ಕ ಚಿತ್ರಾನ್ನ ಕಟ್ಟಿಕೊಟ್ಟಳು.

ಈರಿ ಸರೋವರದ ದಂಡೆಯ ಸ್ಯಾಂಡಸ್ಕಿಗೆ ಎರಡು ಗಂಟೆಯ ದಾರಿ. ಭಾವ ಮೊದಲೇ ಒಬ್ಬ ಸರ್ವೇಯರ್‌ನನ್ನು ಗೊತ್ತುಮಾಡಿದ್ದರು. ಸರ್ವೇಯರ್ ಎಂದರೆ ಸರಪಳಿ ಹಿಡಿದು ಹೊಲ ಅಳೆಯುವವನು ಎಂದುಕೊಂಡಿದ್ದೆ. ಬಂದವನ ಕೈಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಸುತ್ತಿಗೆ. ದೋಣಿಯ ತಳವನ್ನು ಗೇಣುಗೇಣಿಗೂ ತಟ್ಟುತ್ತ ಹೋದ. ಟಕ್, ಟಕ್, ಟಕ್. ಒಳಗಿನ ಮರ ನೀರು ಕುಡಿದು ಕೊಳೆತಿದ್ದರೆ ಸದ್ದು ಬೊದ್ದೆನ್ನುತ್ತದಂತೆ. ಭಾವ ಅವನ ಹಿಂದೆಯೇ ಬಗ್ಗಿ, ಅವನು ತಟ್ಟಿದಲ್ಲೆಲ್ಲ ಬೆರಳ ಗಂಟಿನಿಂದ ಇನ್ನೊಮ್ಮೆ ತಟ್ಟಿದರು. ಹಲಸಿನಹಣ್ಣು ತಟ್ಟುವಾಗಿನ ಮುಖವೇ! ಆಮೇಲೆ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಿದರು. ಬಿಸಿಯಿದ್ದರೆ ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ರೋಗ ಮುಚ್ಚಿಟ್ಟಿದ್ದಾನೆಂದು ಅರ್ಥ. ತಣ್ಣಗಿತ್ತು. ಕೆಳಗಿನ ಗೇರ್‌ನ ಎಣ್ಣೆಯನ್ನು ಬೆರಳಿಗೆ ಬಿಟ್ಟುಕೊಂಡರು. ನೀರು ಸೇರಿದ್ದರೆ ಹಾಲು ಬೆರೆತ ಕಾಫಿಯ ಬಣ್ಣ ಬರುತ್ತದೆ. ಬಂದಿರಲಿಲ್ಲ. ದೋಣಿಗೊಂದು ಟೈಟಲ್, ಎಂಜಿನ್‌ಗೆ ಪ್ರತ್ಯೇಕ ಟೈಟಲ್, ಟ್ರೇಲರ್‌ಗೆ ಬೇರೆ ಕಾಗದ, ಮೂರೂ ಮುದುಕನ ಹೆಸರಿನಲ್ಲೇ ಇದ್ದವು, ಯಾವುದರ ಮೇಲೂ ಸಾಲವಿಲ್ಲ. ಸರ್ವೇಯರ್ ಭಾವನ ಕೈಕುಲುಕಿ, ಫೀಸು ತೆಗೆದುಕೊಂಡು ಹೋದ.

"ಸರಿ ಇದೆಯಲ್ಲ ಭಾವ?"

"ಅದೇ ಕಣಯ್ಯ ನಂಗೆ ಅನುಮಾನ. ಇಷ್ಟು ಚೆನ್ನಾಗಿದ್ರೆ ಯಾಕೆ ಮಾರ್ತಾನೆ?"

ಮುದುಕನಿಗೆ ಎಪ್ಪತ್ತೊಂಬತ್ತು ವರ್ಷ, ಮಂಡಿನೋವು. ನಾನು ಹೇಳಲು ಹೋಗಲಿಲ್ಲ.

ಹರಾಜು ಭಾನುವಾರ ರಾತ್ರಿಗೆ. ಭಾವ ಟವೆಲ್ ಕೆಳಗೆ 7,316 ಡಾಲರ್ ಇಟ್ಟರು. ಎಲ್ಲರೂ ದುಂಡು ಸಂಖ್ಯೆ ಬರೆಯುತ್ತಾರೆ, ನಾವು ಹದಿನಾರರಲ್ಲಿ ಗೆಲ್ಲುತ್ತೇವೆ ಎಂಬ ಲೆಕ್ಕ. ಅಕ್ಕನೂ ಬಂದು ಕುರ್ಚಿ ಎಳೆದುಕೊಂಡು ಕೂತಳು. ಕೊನೆಯ ಐದು ಸೆಕೆಂಡಿನವರೆಗೂ ದೋಣಿ ನಮ್ಮದೇ. ನಾಲ್ಕನೇ ಸೆಕೆಂಡಿನಲ್ಲಿ ಯಾರೋ ನುಗ್ಗಿದ. 7,416. ಮುಗಿಯಿತು. ಅವನು ಎಷ್ಟರವರೆಗೆ ಹೋಗಲು ತಯಾರಿದ್ದನೋ, ಅದು ಟವೆಲ್ ಕೆಳಗೇ ಉಳಿಯಿತು.

ನಾನು ಸಮಾಧಾನದ ಮಾತು ಹುಡುಕುತ್ತಿದ್ದೆ. ಭಾವನ ಮುಖ ನೋಡಿದರೆ ಪರೀಕ್ಷೆ ಮುಂದಕ್ಕೆ ಹೋದ ಹುಡುಗನ ಹಾಗಿತ್ತು. ಎರಡು ತಟ್ಟೆ ಮೊಸರನ್ನ ಉಂಡು ಗೊರಕೆ ಹೊಡೆದರು.

ಮೂರು ವಾರ ಕಳೆದು ಅದೇ ದೋಣಿ ಮತ್ತೆ ಹರಾಜಿಗೆ ಬಂತು. ಕೊಂಡವನಿಗೆ ಯಾವುದೋ ದೂರದ ಊರಿಗೆ ಕೆಲಸ ಸಿಕ್ಕಿತ್ತಂತೆ. ಅದೇ ಹನ್ನೆರಡು ಅಕ್ಷರ, ಅದೇ ಟ್ರೇಲರ್. ನಾನೇ ಓಡಿಹೋಗಿ ತೋರಿಸಿದೆ.

"ಭಾವ, ಈ ಸಲ ಬಿಡಬೇಡಿ. ಎಲ್ಲಾ ನೋಡಿದ್ದಾಗಿದೆಯಲ್ಲ!"

ಭಾವ ಕನ್ನಡಕ ಏರಿಸಿ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಲೆಕ್ಕದ ಪುಸ್ತಕದ ಹೊಸ ಹಾಳೆ ತಿರುವಿ, ಮೇಲೆ ತಾರೀಖು ಹಾಕಿದರು.

"ಮೂರು ವಾರ ಅವನ ಕೈಯಲ್ಲಿತ್ತು ಕಣಯ್ಯ. ಏನು ಮಾಡಿಟ್ಟಿದ್ದಾನೋ! ಮೊದಲು ಬಾಳೆಹಣ್ಣಿನ ಫೋಟೊ ಕೇಳೋಣ."